ಗೊಜ್ಜಿಗೆ ಒಪ್ಪುವ ವೈನ್: ಥ್ಯಾಂಕ್ಸ್‌ಗಿವಿಂಗ್ ಊಟದ ಬಗ್ಗೆ ಒಂದು ಟಿಪ್ಪಣಿ

ಬಾಸ್ಟನ್ನಿನ ಹೊರವಲಯದಲ್ಲಿರುವ ಅಕ್ಕನ ಮನೆಗೆ ಒಂದು ನವೆಂಬರಿನಲ್ಲಿ ಹೋಗಿದ್ದಾಗ, ಹಬ್ಬದ ಊಟಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ಕ್ಯಾಲಿಫೋರ್ನಿಯಾದ ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ವೈನಿನ ಒಂದು ಬಾಟಲಿ ಒಯ್ದಿದ್ದೆ. ನನ್ನ ಜೇಬಿಗೆ ಅದರ ಬೆಲೆ ಜಾಸ್ತಿಯೇ. ಊಟಕ್ಕೆ ಮೊದಲು ಗುಟುಕರಿಸಿದಾಗ ಸೊಗಸಾಗಿತ್ತು. ಆಮೇಲೆ ಟರ್ಕಿ ಕೋಳಿಯ ಎದೆಯ ತುಂಡಿಗೆ ಕ್ರ್ಯಾನ್‌ಬೆರಿ ಸಾಸ್ ಹಚ್ಚಿಕೊಂಡು ತಿಂದು ಮತ್ತೆ ಅದೇ ಲೋಟ ಎತ್ತಿದರೆ, ಹಸಿ ಅಡಿಕೆ ಅಗಿದ ಹಾಗೆ ಬಾಯಿ ಬಿಗಿದುಕೊಂಡಿತು. ವೈನಿನ ಹಣ್ಣಿನ ರುಚಿಯೆಲ್ಲ ಎಲ್ಲೋ ಹೋಗಿ ಕಹಿಯೂ ಒಗರೂ ಮಾತ್ರ ಉಳಿದವು. ಎದುರಿಗೆ ಕೂತಿದ್ದ ಭಾವ ಫ್ರಿಜ್ಜಿನ ಬಾಗಿಲಲ್ಲಿ ಅರ್ಧ ಉಳಿದಿದ್ದ, ನನ್ನದರ ಕಾಲುಭಾಗ ಬೆಲೆಯ ರೀಸ್ಲಿಂಗ್ ಎಂಬ ಬಿಳಿ ವೈನ್ ಕುಡಿಯುತ್ತ ಹಾಯಾಗಿದ್ದರು. ಈ ಟಿಪ್ಪಣಿಯ ಮೂಲ ಪ್ರಶ್ನೆ ಅಲ್ಲಿಯದು.

ಅಮೆರಿಕದ ಪತ್ರಿಕೆಗಳಲ್ಲಿ ಪ್ರತಿ ನವೆಂಬರಿನಲ್ಲೂ ಈ ಊಟಕ್ಕೆ ಯಾವ ವೈನ್ ತರಬೇಕೆಂಬ ಲೇಖನಗಳು ಬರುತ್ತವೆ. ಬಹುಪಾಲು ಲೇಖನಗಳ ತಕರಾರು ಟರ್ಕಿಯಿಂದಲೇ ಶುರುವಾಗುತ್ತದೆ: ಎದೆಯದು ಬಿಳಿ ಮಾಂಸ, ತೊಡೆಯದು ಕಂದು ಮಾಂಸ, ಹಾಗಾದರೆ ಬಿಳಿ ವೈನೋ ಕೆಂಪೋ? ನನ್ನ ಮಟ್ಟಿಗೆ ಈ ಊಟದಲ್ಲಿ ವೈನಿಗೆ ಅತಿ ಕಡಿಮೆ ತೊಂದರೆ ಕೊಡುವ ಪದಾರ್ಥ ಟರ್ಕಿಯೇ. ಅದು ನಮ್ಮ ಅನ್ನದ ಹಾಗೆ ಸೌಮ್ಯ. ಯಾರೂ ಅನ್ನಕ್ಕೆ ಹೊಂದುತ್ತದೆಯೇ ಎಂದು ಉಪ್ಪಿನಕಾಯಿ ಆರಿಸುವುದಿಲ್ಲ, ಉಳಿದ ಅಡುಗೆ ನೋಡಿ ಆರಿಸುತ್ತಾರೆ. ಇಲ್ಲಿ ನೋಡಬೇಕಾದದ್ದು ಸಾಸನ್ನು, ಜೊತೆಗೆ ಗಡಿಯಾರವನ್ನು.

ಮೊದಲು ಚರಿತ್ರೆ. ಈ ಊಟಕ್ಕೆ ಇಂಥದ್ದೇ ವೈನ್ ಎಂಬ ಸಂಪ್ರದಾಯ ಇದೆಯೇ ಎಂದು ಹುಡುಕಿದರೆ ಸಿಗುವುದು ಇಲ್ಲ ಎಂಬ ಉತ್ತರ. ಈ ಹಬ್ಬದ ಮೂಲವೆನ್ನುವ 1621ರ ಪ್ಲಿಮತ್ ಸುಗ್ಗಿಯೂಟದ ಬಗ್ಗೆ ನಮಗಿರುವ ಮುಖ್ಯ ಸಾಕ್ಷ್ಯ ಅಲ್ಲಿನ ಇಂಗ್ಲಿಷ್ ವಲಸಿಗ ಎಡ್ವರ್ಡ್ ವಿನ್ಸ್ಲೋ ಅದೇ ವರ್ಷ ಡಿಸೆಂಬರ್ 11ರಂದು ಬರೆದ ಪತ್ರ. ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್ ಸುಮಾರು 90 ಮಂದಿಯೊಂದಿಗೆ ಬಂದದ್ದು, ಮೂರು ದಿನದ ಆತಿಥ್ಯ, ಅವರು ಬೇಟೆಯಾಡಿ ತಂದ ಐದು ಜಿಂಕೆ, ವಲಸಿಗರು ಹೊಡೆದು ತಂದ ಹಕ್ಕಿಗಳು, ಇಷ್ಟೂ ಅದರಲ್ಲಿವೆ. ಊಟದ ವರ್ಣನೆಯಲ್ಲಿ ಟರ್ಕಿಯ ಹೆಸರಿಲ್ಲ, ಯಾವ ಪಾನೀಯದ ಹೆಸರೂ ಇಲ್ಲ. ಬಾರ್ಲಿ ತಕ್ಕಮಟ್ಟಿಗೆ ಬಂತು, ಬಟಾಣಿ ಕೈಕೊಟ್ಟಿತು ಎಂಬ ಬೆಳೆಯ ಲೆಕ್ಕ ಇದೆ. ವಿಚಿತ್ರವೆಂದರೆ ಅದೇ ಪತ್ರದ ಇನ್ನೊಂದು ಕಡೆ ದ್ರಾಕ್ಷಿ ಬರುತ್ತದೆ: ಬಿಳಿಯದು, ಕೆಂಪಿನದು, ಬಲು ಸಿಹಿ, ಜೊತೆಗೆ ಗಟ್ಟಿ. ಈ ಕಾಡುದ್ರಾಕ್ಷಿಯ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಈ ವಲಸಿಗರನ್ನು ಹೊತ್ತು ತಂದ ಮೇಫ್ಲವರ್ ಹಡಗು ಅದಕ್ಕೆ ಮುಂಚೆ ಫ್ರಾನ್ಸಿನಿಂದ ಇಂಗ್ಲೆಂಡಿಗೆ ವೈನ್ ಪೀಪಾಯಿ ಸಾಗಿಸುತ್ತಿದ್ದ ಹಡಗು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಆದರೆ ಅದನ್ನು ಹಿಡಿದು ಮೊದಲ ಊಟದಲ್ಲಿ ಬೋರ್ದೋ ವೈನ್ ಇತ್ತೆಂದು ಕಲ್ಪಿಸಿದರೆ ಅದು ಕತೆಯಾದೀತು, ಸಾಕ್ಷ್ಯವಾಗದು.

ಟರ್ಕಿಯ ಜೊತೆ ಕ್ರ್ಯಾನ್‌ಬೆರಿ ಸಾಸ್ ಮುದ್ರಣದಲ್ಲಿ ಕಾಣಿಸುವುದು 1796ರಲ್ಲಿ, ಅಮೀಲಿಯಾ ಸಿಮನ್ಸ್ ಅವರ ‘ಅಮೆರಿಕನ್ ಕುಕರಿ’ ಪುಸ್ತಕದಲ್ಲಿ. ತುಂಬಿ ಸುಟ್ಟ ಟರ್ಕಿಯನ್ನು ಬೇಯಿಸಿದ ಈರುಳ್ಳಿ, ಕ್ರ್ಯಾನ್‌ಬೆರಿ ಸಾಸ್, ಮ್ಯಾಂಗೋ, ಉಪ್ಪಿನಕಾಯಿ ಅಥವಾ ಸೆಲರಿಯೊಂದಿಗೆ ಬಡಿಸಬೇಕೆಂದು ಆಕೆ ಹೇಳುತ್ತಾರೆ. ಮ್ಯಾಂಗೋ ಎಂದಾಗ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಆದರೆ ಅದು ಮಾವಿನಹಣ್ಣಲ್ಲ. ಮಾವು ಆ ಕಾಲದ ಇಂಗ್ಲಿಷರಿಗೆ ತಲುಪುತ್ತಿದ್ದದ್ದು ಜಾಡಿಯೊಳಗಿನ ಉಪ್ಪಿನಕಾಯಿಯಾಗಿ. ಹಾಗಾಗಿ ಮಸಾಲೆ ತುಂಬಿ ವಿನೆಗರಿನಲ್ಲಿ ನೆನೆಹಾಕಿದ ಕರಬೂಜ, ಸೌತೆ ಎಲ್ಲಕ್ಕೂ ಅವರು ಮ್ಯಾಂಗೋ ಎಂದೇ ಕರೆಯುತ್ತಿದ್ದರು. ತೆಂಕಣ ಭಾರತದ ‘ಮಾಂಗಾಯ್’ ಹೀಗೆ ಎಳೆ ಕರಬೂಜದ ವೇಷದಲ್ಲಿ ಟರ್ಕಿಯ ಪಕ್ಕ ಕೂತಿತ್ತು. ನಮ್ಮ ವಿಷಯಕ್ಕೆ ಇದರಿಂದ ತಿಳಿಯುವುದು ಇಷ್ಟು: ಈ ಕೋಳಿಯ ಸಪ್ಪೆತನಕ್ಕೆ ಹುಳಿ ಸಿಹಿಯ ನೆಂಚಿಕೆ ಮೊದಲಿನಿಂದಲೂ ಬೇಕಾಗಿತ್ತು.

ಕುಡಿಯುವ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷ್ಯ 1827ರದು. ಸಾರಾ ಜೋಸೆಫಾ ಹೇಲ್ ಅವರ ‘ನಾರ್ತ್‌ವುಡ್’ ಕಾದಂಬರಿಯಲ್ಲಿ ನ್ಯೂ ಇಂಗ್ಲೆಂಡಿನ ಥ್ಯಾಂಕ್ಸ್‌ಗಿವಿಂಗ್ ಊಟದ ದೀರ್ಘ ವರ್ಣನೆಯಿದೆ. ಮೇಜಿನ ತಲೆಗಟ್ಟಿನಲ್ಲಿ ಟರ್ಕಿ, ಪೈಗಳ ಸಾಲು, ಅವುಗಳಲ್ಲಿ ಕುಂಬಳಕಾಯಿ ಪೈಗೆ ವಿಶೇಷ ಸ್ಥಾನ. ಪಕ್ಕದ ಕಪಾಟಿನ ಮೇಲೆ ಸಾಲಾಗಿ ಇಟ್ಟದ್ದು ಕರಂಟ್ ಹಣ್ಣಿನ ಮನೆವೈನ್, ಸೇಬಿನ ಸೈಡರ್, ಮನೆಯೊಡತಿ ತಾನೇ ಮಾಡಿದ ಶುಂಠಿ ಬಿಯರ್. ಪರದೇಶದ ವೈನ್ ಆ ಮನೆಯಲ್ಲಿ ಇಲ್ಲವೆಂದು ಲೇಖಕಿ ಸ್ಪಷ್ಟವಾಗಿ ಹೇಳುತ್ತಾರೆ. ಇದೇ ಹೇಲ್ ಮುಂದೆ ವರ್ಷಗಟ್ಟಲೆ ಪತ್ರ ಬರೆದು, ಸಂಪಾದಕೀಯ ಬರೆದು ಈ ಹಬ್ಬ ರಾಷ್ಟ್ರೀಯ ರಜೆಯಾಗಲೆಂದು ಹಟ ಹಿಡಿದವರು. 1863ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಕನ್ ಹೊರಡಿಸಿದ ಘೋಷಣೆಯ ಹಿಂದೆ ಆಕೆಯ ಒತ್ತಾಯವಿತ್ತು. ಹಬ್ಬದ ತಾಯಿ ಎನಿಸಿಕೊಂಡ ಆಕೆಯ ಮೇಜಿನ ಮೇಲೆ ಇದ್ದದ್ದು ಹುಳಿಸಿಹಿಯ, ಹಗುರಾದ, ಹಿತ್ತಿಲ ಹಣ್ಣಿನ ಪಾನೀಯಗಳು. ಇವತ್ತಿನ ಸಲಹೆಗಾರರು ಮರೆತ ಅಂಶ ಇದೇ. ಅವೆಲ್ಲ ಸಾಸಿಗೆ ಸರಿಯಾಗಿ ಒಪ್ಪುವಂಥವು.

ಆಮೇಲೆ ಪಾನನಿಷೇಧ. 1920ರ ಜನವರಿ 17ರಿಂದ ದೇಶಕ್ಕೆ ದೇಶವೇ ಒಣಗಿತು. ಕಾನೂನು ಕೊನೆಗೊಂಡದ್ದು 1933ರ ಡಿಸೆಂಬರ್ 5ರಂದು. ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ಬಿದ್ದದ್ದು ನವೆಂಬರ್ 30ಕ್ಕೆ, ಅಂದರೆ ಐದು ದಿನ ಮೊದಲು. ಆದರೂ ಆ ಹದಿನಾಲ್ಕು ಹಬ್ಬಗಳೂ ಪೂರ್ತಿ ಒಣ ಹಬ್ಬಗಳಾಗಿರಲಿಲ್ಲ. ಮನೆಯಲ್ಲಿ ಹಣ್ಣಿನ ರಸ ತೆಗೆದಿಟ್ಟುಕೊಳ್ಳಲು ಕಾನೂನಿನಲ್ಲಿ ಒಂದು ಸಂದಿ ಇತ್ತು. ಒಂದು ಸಂಸಾರಕ್ಕೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ರಸ ಹುದುಗಿದರೆ ಪೊಲೀಸರು ಮನೆಮನೆ ಹೊಕ್ಕು ನೋಡುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಿಂದ ಜಿನ್‌ಫಂಡೆಲ್, ದಪ್ಪ ಸಿಪ್ಪೆಯ ಅಲಿಕಾಂಟ್ ಬುಶೆ ದ್ರಾಕ್ಷಿ ಮರದ ಪೆಟ್ಟಿಗೆಗಳಲ್ಲಿ ರೈಲು ಹತ್ತಿ ಪೂರ್ವದ ಊರುಗಳಿಗೆ ಬಂದು ಇಟಾಲಿಯನ್ ವಲಸಿಗರ ನೆಲಮಾಳಿಗೆಗಳಲ್ಲಿ ವೈನಾಯಿತು. ನಿಷೇಧ ಮುಗಿದ ಮೇಲೂ ದಶಕಗಳ ಕಾಲ ಅಮೆರಿಕದ ಅಂಗಡಿಗಳಲ್ಲಿ ಹೆಚ್ಚು ಖರ್ಚಾಗುತ್ತಿದ್ದದ್ದು ಬ್ರಾಂದಿ ಬೆರೆಸಿದ ಸಿಹಿ ವೈನ್. ಊಟದ ಜೊತೆ ಕುಡಿಯುವ ವೈನ್ ಅದನ್ನು ಹಿಂದೆ ಹಾಕಿದ್ದು 1960ರ ದಶಕದ ಕೊನೆಯಲ್ಲಿ. ಹಾಗಾಗಿ ಟರ್ಕಿಗೆ ಯಾವ ವೈನ್ ಎಂಬ ಪ್ರಶ್ನೆಗೆ ಹೆಚ್ಚೆಂದರೆ ಎರಡು ತಲೆಮಾರಿನ ವಯಸ್ಸು. ಅಜ್ಜಿಯರ ಕಾಲದ ನಿಯಮ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ಈಗ ನನ್ನ ಬಾಯಿ ಬಿಗಿದ ಕಾರಣಕ್ಕೆ ಬರೋಣ. ಇಲ್ಲಿ ಕನ್ನಡ ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಕೆಂಪು ವೈನಿನ ಟ್ಯಾನಿನ್ ಎಂದರೇನೆಂದು ವಿವರಿಸಲು ಬೇರೆಯವರು ಪ್ಯಾರಾಗಟ್ಟಲೆ ಬರೆಯುತ್ತಾರೆ, ನಮಗೆ ಒಗರು ಎಂದರೆ ಸಾಕು. ನೇರಳೆಹಣ್ಣು, ಬಾಳೆಕಾಯಿ, ಅಡಿಕೆ ಎಲ್ಲದರಲ್ಲೂ ಇರುವುದು ಅದೇ. ಜೊಲ್ಲಿನಲ್ಲಿರುವ ಕೆಲವು ಪ್ರೋಟೀನುಗಳಿಗೆ ಟ್ಯಾನಿನ್ ಅಂಟಿಕೊಂಡು ಅವನ್ನು ಗರಣೆಗಟ್ಟಿಸುತ್ತದೆ. ಬಾಯೊಳಗಿನ ನುಣುಪು ಹೋಗಿ ನಾಲಿಗೆ ಅಂಗಳಕ್ಕೆ ಉಜ್ಜಿದಂತಾಗುತ್ತದೆ. ಕೊಬ್ಬಿರುವ ದನದ ಮಾಂಸದ ಜೊತೆ ಕ್ಯಾಬರ್ನೆ ಹಿತವಾಗುವುದು ಆ ಕೊಬ್ಬೂ ಮಾಂಸದ ಪ್ರೋಟೀನೂ ಒಗರಿನ ಹರಿತ ತಗ್ಗಿಸುವುದರಿಂದ. ಚರ್ಮ ತೆಗೆದ ಟರ್ಕಿ ಎದೆಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಸಾಲದ್ದಕ್ಕೆ ಕ್ರ್ಯಾನ್‌ಬೆರಿ ಸ್ವತಃ ಒಗರಿನ ಹಣ್ಣು, ಅದರಲ್ಲೂ ಟ್ಯಾನಿನ್ ಜಾತಿಯ ವಸ್ತುಗಳು ಧಾರಾಳವಾಗಿವೆ. ಒಗರಿನ ಮೇಲೆ ಒಗರು ಬಿದ್ದರೆ ಬಾಯಿ ಇನ್ನೇನಾದೀತು?

ಹುಳಿಯ ಲೆಕ್ಕ ಇನ್ನೂ ಬಿಗಿಯಾದದ್ದು. ವೈನಿನ ಪಿಎಚ್ ಸಾಮಾನ್ಯವಾಗಿ 3ರಿಂದ 4ರ ನಡುವೆ. ಕ್ರ್ಯಾನ್‌ಬೆರಿ ರಸದ್ದು ಸುಮಾರು 2.3ರಿಂದ 2.5, ಹೆಚ್ಚುಕಡಿಮೆ ನಿಂಬೆಯ ನೆರೆಮನೆ. ಆ ಹುಳಿ ತಡೆಯಲಾರದೆ ಸಕ್ಕರೆ ಸುರಿಯುತ್ತಾರೆ. ಅಕ್ಕ ಮಾಡುವುದು ಎಲ್ಲರೂ ಮಾಡುವ ಅಳತೆಯೇ: 340 ಗ್ರಾಂ ಹಣ್ಣಿನ ಒಂದು ಚೀಲ, ಒಂದು ಕಪ್ ಸಕ್ಕರೆ, ಒಂದು ಕಪ್ ನೀರು. ಒಲೆಯ ಪಕ್ಕ ನಿಂತು ನೋಡಿದ್ದೇನೆ. ಐದು ನಿಮಿಷಕ್ಕೆ ಹಣ್ಣುಗಳು ಸಾಸಿವೆ ಸಿಡಿದ ಹಾಗೆ ಪಟಪಟ ಒಡೆಯುತ್ತವೆ, ಹತ್ತನೆಯ ನಿಮಿಷಕ್ಕೆ ಸೌಟಿನ ಬೆನ್ನಿಗೆ ಅಂಟುವ ಕಡುಗೆಂಪು ಪಾಕ, ಆರಿದ ಮೇಲೆ ಗಟ್ಟಿ. ಒಂದು ಕಪ್ ಸಕ್ಕರೆಗೆ 200 ಗ್ರಾಂ ಹಿಡಿದರೂ ಸಾಸಿನ ಕಾಲುಭಾಗಕ್ಕಿಂತ ಹೆಚ್ಚು ಸಕ್ಕರೆಯೇ ಆಯಿತು. ಒಣ, ಅಂದರೆ ಸಿಹಿಯಿಲ್ಲದ, ವೈನಿನಲ್ಲಿ ಸಕ್ಕರೆ ಲೀಟರಿಗೆ ನಾಲ್ಕು ಗ್ರಾಂ ಮೀರಿದರೆ ಹೆಚ್ಚು. ಜಾಮೂನು ತಿಂದು ಕುಡಿದ ಕಾಫಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು: ಹಾಕಿದ ಸಕ್ಕರೆ ಮಾಯ, ಕಹಿ ಮಾತ್ರ ನಾಲಿಗೆಗೆ. ಸಿಹಿ ತಿಂಡಿ ವೈನಿಗೂ ಅದನ್ನೇ ಮಾಡುತ್ತದೆ. ಇನ್ನು ಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಹರಡಿ ಸುಡುವ ಪದಾರ್ಥವೂ ಅದೇ ತಟ್ಟೆಯಲ್ಲಿರುತ್ತದೆ. ಅದರ ಬಗ್ಗೆ ಮಾತಾಡದಿರುವುದೇ ಮರ್ಯಾದೆ.

ಹೀಗೆ ನೋಡಿದರೆ ಕ್ರ್ಯಾನ್‌ಬೆರಿ ಸಾಸ್ ನಮ್ಮ ಅನಾನಸ್ ಗೊಜ್ಜಿನ ದಾಯಾದಿ, ಖಾರವೊಂದಿಲ್ಲ. ವೈನ್ ಆರಿಸಬೇಕಾದದ್ದು ಈ ಗೊಜ್ಜಿಗೆ. ಒಗರು ಕಡಿಮೆ, ಹುಳಿ ಚುರುಕು, ಸ್ವಲ್ಪ ಸಿಹಿ ಇದ್ದರೆ ಲಾಭ, ಆಲ್ಕೋಹಾಲ್ ತಗ್ಗು. ಈ ನಾಲ್ಕು ಗುಣ ಹಿಡಿದು ಜರಡಿಯಾಡಿದರೆ ಕೆಳಗೆ ಉಳಿಯುವ ಹೆಸರುಗಳು ಹೆಚ್ಚಿಲ್ಲ.

ಭಾವನ ರೀಸ್ಲಿಂಗ್ ಮೊದಲು. ಜರ್ಮನಿಯ ಮೋಸೆಲ್ ಕಣಿವೆಯ ಸಿಹಿ ಉಳಿಸಿದ ಕಾಬಿನೆಟ್ ಬಗೆಯಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 8–9. ಸಕ್ಕರೆ ಎದ್ದು ಕಾಣುವಷ್ಟಿದ್ದರೂ ಹುಳಿ ಅದನ್ನು ಹಿಡಿದು ನಿಲ್ಲಿಸುವುದರಿಂದ ಪಾನಕವಾಗುವುದಿಲ್ಲ, ನಿಂಬೆ ಶರಬತ್ತಿನ ಲವಲವಿಕೆ ಬರುತ್ತದೆ. ಅಮೆರಿಕದ್ದೇ ಬೇಕೆನ್ನುವವರಿಗೆ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಇದೆ. ಅಲ್ಲಿನ ಚಳಿಗೆ ಯುರೋಪಿನ ದ್ರಾಕ್ಷಿ ಬದುಕದೆಂದು ಎಲ್ಲರೂ ಕೈಬಿಟ್ಟಿದ್ದಾಗ, 1951ರಲ್ಲಿ ವಲಸೆ ಬಂದ ಉಕ್ರೇನ್ ಮೂಲದ ವಿಜ್ಞಾನಿ ಕಾನ್‌ಸ್ಟಾಂಟಿನ್ ಫ್ರಾಂಕ್ ಚಳಿ ತಾಳುವ ಬೇರಿನ ಮೇಲೆ ಅದನ್ನು ಕಸಿ ಕಟ್ಟಿ ತೋರಿಸಿದರು, 1962ರಲ್ಲಿ ತಮ್ಮದೇ ವೈನರಿ ತೆರೆದರು. ಪ್ಲಿಮತ್ತಿನಿಂದ ಒಂದು ದಿನದ ಕಾರುದಾರಿಯಲ್ಲಿ ಬೆಳೆದ, ಈ ಗೊಜ್ಜಿಗೆ ಇಷ್ಟು ಒಪ್ಪುವ ವೈನ್ ಇರುವಾಗ ದೂರ ಹೋಗುವುದೇಕೆ ಎಂಬುದು ನನ್ನ ಪಕ್ಷಪಾತ.

ಕೆಂಪೇ ಬೇಕೆಂದರೆ ಫ್ರಾನ್ಸಿನ ಬೋಜೊಲೆ ಸೀಮೆಯ ಗಾಮೆ ದ್ರಾಕ್ಷಿಯ ವೈನ್. ಅಲ್ಲಿ ಗೊಂಚಲುಗಳನ್ನು ಜಜ್ಜದೆ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ. ತೊಟ್ಟಿಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ಹಣ್ಣಿನ ಒಳಗೇ ಹುದುಗು ಶುರುವಾಗುತ್ತದೆ. ಸಿಪ್ಪೆ ಬೀಜದ ಒಗರು ಹೆಚ್ಚು ಇಳಿಯದೆ ಬಣ್ಣವೂ ಹಣ್ಣಿನ ಪರಿಮಳವೂ ಬರುತ್ತವೆ. ಇದರ ಹೊಸ ವೈನ್ ‘ಬೋಜೊಲೆ ನೂವೊ’ ನವೆಂಬರಿನ ಮೂರನೆಯ ಗುರುವಾರ ಬಿಡುಗಡೆಯಾಗುತ್ತದೆ. ಈ ದಿನ 1985ರಲ್ಲಿ ಗೊತ್ತಾದದ್ದು, ಅದಕ್ಕೆ ಮುಂಚೆ ನವೆಂಬರ್ 15 ಇತ್ತು. ಅತ್ತ ಅಮೆರಿಕದಲ್ಲಿ, ಅಂಗಡಿಗಳ ಹಬ್ಬದ ವ್ಯಾಪಾರಕ್ಕೆ ಅನುಕೂಲವಾಗಲೆಂದು ಅಧ್ಯಕ್ಷ ರೂಸ್‌ವೆಲ್ಟ್ 1939ರಲ್ಲಿ ಹಬ್ಬವನ್ನು ಒಂದು ವಾರ ಹಿಂದಕ್ಕೆ ಎಳೆದು ಗಲಾಟೆಯಾಗಿ, ಕೊನೆಗೆ 1941ರಲ್ಲಿ ಕಾಂಗ್ರೆಸ್ ನಾಲ್ಕನೆಯ ಗುರುವಾರವೆಂದು ಕಾನೂನು ಮಾಡಿತು. ಎರಡು ದೇಶಗಳು ಒಂದನ್ನೊಂದು ಕೇಳದೆ ಮಾಡಿದ ಈ ಎರಡು ತೀರ್ಮಾನಗಳಿಂದಾಗಿ 1985ರಿಂದ ಈಚೆಗೆ ನೂವೊ ಬಂದ ಏಳನೆಯ ದಿನಕ್ಕೆ ಥ್ಯಾಂಕ್ಸ್‌ಗಿವಿಂಗ್, ಒಂದು ವರ್ಷವೂ ತಪ್ಪಿಲ್ಲ. ತಪ್ಪುವಂತೆಯೂ ಇಲ್ಲ. ಮಾರಾಟಗಾರರಿಗೆ ಇದಕ್ಕಿಂತ ಒಳ್ಳೆಯ ಪಂಚಾಂಗ ಸಿಗದು. ಆದರೆ ನೂವೊದಲ್ಲಿ ಬಾಳೆಹಣ್ಣಿನ ಸಾರದಂಥ ಒಂದು ವಾಸನೆ ಕೆಲವೊಮ್ಮೆ ಎದ್ದು ಬರುತ್ತದೆ. ಅದೇ ಸೀಮೆಯ ಫ್ಲೂರಿ, ಬ್ರೂಯಿ ಅಥವಾ ಮೊರ್ಗೋನಿನ ಒಂದೆರಡು ವರ್ಷದ ಬಾಟಲಿ ತಂದರೆ ಊಟದ ಕೊನೆಯವರೆಗೂ ಬೇಸರವಾಗುವುದಿಲ್ಲ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಧೀರ ಫಿಲಿಪ್ ಗಾಮೆಯನ್ನು ಕೆಟ್ಟ ಗಿಡವೆಂದು ಬೈದು ತನ್ನ ನಾಡಿನಿಂದ ಕೀಳಿಸಿದ್ದ. ಅವನ ಊಟದಲ್ಲಿ ಕ್ರ್ಯಾನ್‌ಬೆರಿ ಇರಲಿಲ್ಲವಲ್ಲ.

ಅವನ ಮೆಚ್ಚಿನ ಪಿನೊ ನ್ವಾರ್ ಕೂಡ ಒಪ್ಪುತ್ತದೆ, ದುಬಾರಿಯಾದರೂ. ಒರೆಗನ್ನಿನ ವಿಲಾಮೆಟ್ ಕಣಿವೆಯದು ನೋಡಬಹುದು.

ಜಿನ್‌ಫಂಡೆಲ್ ಬಗ್ಗೆ ಮಾತ್ರ ಸ್ವಲ್ಪ ಜಗಳ ಆಡಬೇಕು. ಅಮೆರಿಕದ ಹಬ್ಬಕ್ಕೆ ಅಮೆರಿಕದ ದ್ರಾಕ್ಷಿ ಎಂಬ ಅಭಿಮಾನದಿಂದ ಇದನ್ನು ಬಹಳ ಜನ ಸೂಚಿಸುತ್ತಾರೆ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾರಲ್ ಮೆರಿಡಿತ್ ಮತ್ತು ಝಾಗ್ರೆಬ್ ವಿಶ್ವವಿದ್ಯಾಲಯದ ಸಂಶೋಧಕರು ಡಿಎನ್‌ಎ ಹೋಲಿಸಿ, ಇದು ಕ್ರೊಯೇಷಿಯಾ ಕರಾವಳಿಯ ಒಂದು ಹಳೆಯ ತಳಿಯೇ ಎಂದು 2001ರಲ್ಲಿ ಕಂಡುಕೊಂಡರು. ಇಟಲಿಯ ಪ್ರಿಮಿತಿವೊ ಕೂಡ ಅದೇ. ವಲಸೆ ಬಂದವರ ಹಬ್ಬಕ್ಕೆ ವಲಸೆ ಬಂದ ದ್ರಾಕ್ಷಿ ಎಂದು ವಾದ ತಿರುಗಿಸಿದರೆ ಅದು ಇನ್ನೂ ಚೆನ್ನಾಗಿ ನಿಲ್ಲುತ್ತದೆ, ಪಾನನಿಷೇಧದ ಕಾಲದ ನೆಲಮಾಳಿಗೆಗಳೂ ಅದರ ಪರ ಸಾಕ್ಷಿ ಹೇಳುತ್ತವೆ. ನನ್ನ ಆಕ್ಷೇಪಣೆ ಬೇರೆ. ಈಗಿನ ಜಿನ್‌ಫಂಡೆಲ್‌ನಲ್ಲಿ ಆಲ್ಕೋಹಾಲ್ ಶೇ. 15ರ ಹತ್ತಿರ. ಈ ಊಟ ಮಧ್ಯಾಹ್ನ ಮೂರಕ್ಕೆ ಶುರುವಾಗಿ, ನಡುವೆ ಟಿವಿಯಲ್ಲಿ ಫುಟ್‌ಬಾಲ್ ನೋಡಿ, ರಾತ್ರಿ ಎಂಟಕ್ಕೆ ಪೈ ತಿಂದು ಮುಗಿಯುವಂಥದ್ದು. ಗಡಿಯಾರ ನೋಡಬೇಕೆಂದು ಮೊದಲೇ ಹೇಳಿದ್ದು ಇದಕ್ಕೆ. ಮೂರು ಲೋಟ ಕಾಬಿನೆಟ್ ಕುಡಿದವನೂ ಮೂರು ಲೋಟ ಜಿನ್‌ಫಂಡೆಲ್ ಕುಡಿದವನೂ ಆರು ಗಂಟೆಗೆ ಒಂದೇ ಥರ ಮಾತಾಡುವುದಿಲ್ಲ. ಕುಟುಂಬದ ಊಟದಲ್ಲಿ ಇದು ಸಣ್ಣ ವಿಷಯವಲ್ಲ.

ಅಕ್ಕನದು ಅರ್ಧ ಸಸ್ಯಾಹಾರಿ ಮನೆ. ಮಕ್ಕಳು ಟರ್ಕಿ ತಿನ್ನುತ್ತಾರೆ, ಅವಳು ಮುಟ್ಟುವುದಿಲ್ಲ. ನಾಲ್ಕು ದಿನ ರಜೆ ಒಟ್ಟಿಗೆ ಸಿಗುವುದರಿಂದ ಅಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಇದು ನೆಂಟರಿಷ್ಟರು ಸೇರುವ ಹಬ್ಬವಾಗಿಬಿಟ್ಟಿದೆ. ಹಾಗಾಗಿ ಮೇಜಿನ ಇನ್ನೊಂದು ತುದಿಯಲ್ಲಿ ಬಿಸಿಬೇಳೆಬಾತ್ ಇರುತ್ತದೆ. ಆಲ್ಕೋಹಾಲ್ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ, ಸಿಹಿ ತಗ್ಗಿಸುತ್ತದೆ. ಹೀಗಾಗಿ ಗೊಜ್ಜಿಗೆಂದು ಆರಿಸಿದ ರೀಸ್ಲಿಂಗ್ ಬಾತಿಗೂ ಒದಗುತ್ತದೆ.

ಬೆಲೆಯ ಬಗ್ಗೆ ಒಂದೇ ಮಾತು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆಸರೂ ಬೆಲೆಯೂ ಕಾಣದಂತೆ ಕುಡಿಸಿ ನೋಡಿದ ಆರು ಸಾವಿರಕ್ಕೂ ಹೆಚ್ಚು ರುಚಿ ಪರೀಕ್ಷೆಗಳ ಲೆಕ್ಕ ಹಾಕಿದ್ದರು. ತರಬೇತಿಯಿಲ್ಲದವರು ದುಬಾರಿ ವೈನನ್ನು ಹೆಚ್ಚು ಮೆಚ್ಚಿರಲಿಲ್ಲ, ತುಸು ಕಡಿಮೆಯೇ ಮೆಚ್ಚಿದ್ದರು. ಮನೆ ತುಂಬ ಚಿಕ್ಕಪ್ಪ, ಅತ್ತೆ, ಸೊಸೆ ಇರುವ ಊಟಕ್ಕೆ ಇದು ಸಾಕಷ್ಟು ಸಮಾಧಾನ ಕೊಡಬೇಕು. 750 ಮಿಲಿಲೀಟರಿನ ಬಾಟಲಿಯಲ್ಲಿ ಐದು ಲೋಟ ಬರುತ್ತದೆ. ಕುಡಿಯುವವರು ಆರು ಮಂದಿಯಾದರೆ ಇಡೀ ಸಂಜೆಗೆ ನಾಲ್ಕು ಬಾಟಲಿ ಸಾಕು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಬಡಿಸಬೇಕೆಂಬ ಮಾತು ಹೀಟರ್ ಇಲ್ಲದ ಕಾಲದ ಕೋಣೆಗೆ ಸಲ್ಲುತ್ತಿತ್ತು. ಅಮೆರಿಕದ ಮನೆಯೊಳಗೆ ನವೆಂಬರಿನಲ್ಲೂ 20–21 ಡಿಗ್ರಿ, ಒಲೆ ಬೆಳಗಿನಿಂದ ಉರಿಯುತ್ತಿದ್ದರೆ ಇನ್ನೂ ಹೆಚ್ಚು. ಗಾಮೆಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಅದರ ಹಣ್ಣಿನ ರುಚಿ ಎಚ್ಚರಗೊಳ್ಳುತ್ತದೆ. ಖರೀದಿ ಮಾತ್ರ ಬುಧವಾರದೊಳಗೆ ಮುಗಿಯಬೇಕು. ಪ್ಲಿಮತ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲೇ ಹಬ್ಬದ ದಿನ ಮದ್ಯದಂಗಡಿ ತೆರೆಯುವಂತಿಲ್ಲ.

ಕುಡಿಯದವರಿಗೆ ಅಕ್ಕ ತರುವುದು ಕಾನ್‌ಕರ್ಡ್ ದ್ರಾಕ್ಷಿಯ ರಸ. ಅವಳ ಮನೆಯಿಂದ ಬಹುದೂರವಲ್ಲದ ಕಾನ್‌ಕರ್ಡ್ ಊರಿನಲ್ಲಿ ಎಫ್ರೈಮ್ ವೇಲ್ಸ್ ಬುಲ್ ಎಂಬಾತ ಕಾಡುದ್ರಾಕ್ಷಿಯ ಬೀಜದಿಂದ ಬೆಳೆಸಿ 1849ರಲ್ಲಿ ಈ ತಳಿ ಪಡೆದ. ನ್ಯೂಜೆರ್ಸಿಯ ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ಅದರ ರಸವನ್ನು ಬಿಸಿಮಾಡಿ, ಹುದುಗದಂತೆ ಬಾಟಲಿಗೆ ತುಂಬಿದ್ದು ಚರ್ಚಿನ ಪ್ರಸಾದಕ್ಕೆ ವೈನಿನ ಬದಲು ಬಳಸಲೆಂದು. ಕಾನ್‌ಕರ್ಡ್ ಲ್ಯಾಬ್ರುಸ್ಕಾ ಜಾತಿಗೆ ಸೇರಿದ್ದು, ನ್ಯೂ ಇಂಗ್ಲೆಂಡಿನ ಕಾಡುಗಳಲ್ಲಿ ತಾನಾಗಿ ಹಬ್ಬುವ ದ್ರಾಕ್ಷಿಯ ವಂಶ. ವಿನ್ಸ್ಲೋ ಗಟ್ಟಿ ಎಂದು ಬರೆದದ್ದು ಈ ಜಾತಿಯ ಹಣ್ಣನ್ನೇ ಇರಬೇಕೆಂದು ಯಾರಿಗಾದರೂ ಅನಿಸದಿರದು, ಮೂಗಿಗೆ ಹೊಡೆಯುವ ಪರಿಮಳ ಅದಕ್ಕಿದೆ. ಮೀಥೈಲ್ ಆಂಥ್ರನಿಲೇಟ್ ಎಂಬ ಒಂದೇ ವಸ್ತುವಿನದು ಅದರಲ್ಲಿ ದೊಡ್ಡ ಪಾಲು. ವೈನ್ ಮಾಡುವವರಿಗೆ ಈ ವಾಸನೆ ಕಂಡರಾಗದು.

ನಮಗೆ ಅದು ಹಳೆಯ ಪರಿಚಯ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಚಪ್ಪರದಲ್ಲಿ ತೂಗುವ ಬೆಂಗಳೂರು ಬ್ಲೂ ದ್ರಾಕ್ಷಿ ಅಮೆರಿಕದ ಇಸಬೆಲ್ಲಾ ತಳಿಯದು, ಅದರಲ್ಲೂ ಲ್ಯಾಬ್ರುಸ್ಕಾದ ರಕ್ತ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಗೋಲಿಯಂತೆ ಬಾಯಿಗೆ ಜಾರುವುದೂ ಅದೇ ವಂಶದ ಗುರುತು. ಮೊದಲ ಸಲ ಅಕ್ಕನ ಮನೆಯಲ್ಲಿ ಆ ರಸದ ಬಾಟಲಿಯ ಮುಚ್ಚಳ ತೆಗೆದಾಗ ನಾನು ಲೋಟ ಮೂಗಿನ ಹತ್ತಿರ ಹಿಡಿದು ಸುಮ್ಮನೆ ನಿಂತೆ. “ಏನೋ, ಕೆಟ್ಟಿದೆಯಾ?” ಎಂದಳು ಅಕ್ಕ. ಇಲ್ಲ, ದೊಡ್ಡಬಳ್ಳಾಪುರದ ಬಸ್‌ಸ್ಟಾಂಡಿನ ವಾಸನೆ ಅಂದೆ. ಅವಳು ತಾನೂ ಮೂಸಿ ನೋಡಿ, ಇನ್ನೊಂದು ಲೋಟ ತುಂಬಿಸಿಕೊಂಡಳು.